ಲೆಕ್ಕಕ್ಕೆ ಸಿಗದ ಕೆಮ್ಮು

ನಾಡಿನಲ್ಲಿ ಕ್ಷಯರೋಗಿಗಳು ಎಷ್ಟು ಮಂದಿ ಇದ್ದಾರೆಂದು ಕೇಳಿದರೆ ಆಸ್ಪತ್ರೆಯ ದಾಖಲೆ ಪುಸ್ತಕ ಉತ್ತರ ಹೇಳಲಾರದು. ಅದರಲ್ಲಿರುವುದು ಬಂದವರ, ಬಂದವರಲ್ಲಿಯೂ ವೈದ್ಯರು ಗುರುತಿಸಿದವರ ಹೆಸರು ಮಾತ್ರ. ಕಾಲರಾದಂತೆ ನಾಲ್ಕು ದಿನಗಳಲ್ಲಿ ಇತ್ಯರ್ಥವಾಗುವ ರೋಗವಲ್ಲ ಇದು. ವರ್ಷಗಟ್ಟಲೆ ಮೈಯಲ್ಲಿ ಬೀಡುಬಿಟ್ಟಿರುತ್ತದೆ. ರೋಗಿ ಕೆಮ್ಮುತ್ತಲೇ ಹೊಲಕ್ಕೂ ಸಂತೆಗೂ ಹೋಗಿಬರುತ್ತಿರುತ್ತಾನೆ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ, ಕ್ಷಯವೆಂದರೆ ಗಿರಣಿಗಳ, ಗಾಳಿಯಾಡದ ವಠಾರಗಳ, ಒಟ್ಟಿನಲ್ಲಿ ಪಟ್ಟಣದ ರೋಗವೆಂಬ ಭಾವನೆ ಬಲವಾಗಿತ್ತು. ಆಸ್ಪತ್ರೆಗಳು ಇದ್ದುದು ಪಟ್ಟಣದಲ್ಲಿ. ರೋಗಿಗಳು ಕಣ್ಣಿಗೆ ಬಿದ್ದುದೂ ಅಲ್ಲಿಯೇ! 1955ರಿಂದ 1958ರವರೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಆಯ್ದ ನಗರ, ಪಟ್ಟಣ, ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿತು. ಕಾಯಿಲೆಯೆಂದು ಹೇಳಿಕೊಂಡವರದು ಮಾತ್ರವಲ್ಲ, ಗಟ್ಟಿಮುಟ್ಟಾಗಿ ಕಂಡವರದೂ ಎಕ್ಸ್-ರೇ ತೆಗೆದು ನೋಡಲಾಯಿತು. ಹಳ್ಳಿಗಳಲ್ಲಿ ಕ್ಷಯದ ಪ್ರಮಾಣ ಹೆಚ್ಚುಕಡಿಮೆ ನಗರಗಳಷ್ಟೇ ಇತ್ತು. ನಮ್ಮ ಬಹುಪಾಲು ಜನ ಹಳ್ಳಿಯವರಾದ್ದರಿಂದ, ಬಹುಪಾಲು ರೋಗಿಗಳೂ ಅಲ್ಲಿಯೇ ಇದ್ದರೆಂದಾಯಿತು.

ಹಾಗಾದರೆ ಇವರು ಇಷ್ಟು ದಿನ ಏಕೆ ಕಾಣಲಿಲ್ಲ? ಹಳ್ಳಿಗರ ಅಜ್ಞಾನ ಎಂದುಬಿಡುವುದು ಸುಲಭ. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ಆ ಸುಲಭದ ಉತ್ತರಕ್ಕೆ ತೃಪ್ತರಾಗಲಿಲ್ಲ. ತುಮಕೂರು ಜಿಲ್ಲೆಯಲ್ಲಿ ಮನೆಮನೆಯ ಸಮೀಕ್ಷೆ ನಡೆದಾಗ, ಕಫದಲ್ಲಿ ರೋಗಾಣು ಇದ್ದವರು ಸಾವಿರಕ್ಕೆ ಸುಮಾರು ನಾಲ್ವರು ಸಿಕ್ಕರು. ಡಾ. ಬ್ಯಾನರ್ಜಿ ಮತ್ತು ಡಾ. ಸ್ಟಿಗ್ ಆಂಡರ್ಸನ್ ಇಂಥವರನ್ನು ಹುಡುಕಿಕೊಂಡು ಹೋಗಿ ಮಾತನಾಡಿಸಿದರು. 1963ರಲ್ಲಿ ಪ್ರಕಟವಾದ ಅವರ ವರದಿಯನ್ನು ನಾನು ನಮ್ಮ ಗ್ರಾಮಜೀವನದ ಚರಿತ್ರೆಯ ಒಂದು ದಾಖಲೆಯೆಂದೇ ಎಣಿಸುತ್ತೇನೆ. ಆ ರೋಗಿಗಳಲ್ಲಿ ಶೇಕಡ 95 ಮಂದಿಗೆ ತಮ್ಮ ರೋಗಲಕ್ಷಣಗಳ ಅರಿವಿತ್ತು. ಶೇಕಡ 72 ಮಂದಿ ಅದಕ್ಕಾಗಿ ಚಿಂತಿಸಿದ್ದರು. ಅರ್ಧಕ್ಕೂ ಹೆಚ್ಚು ಮಂದಿ, ಶೇಕಡ 52, ಆಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿಬಂದಿದ್ದರು! ಅಲ್ಲಿ ಅವರಿಗೆ ದೊರೆತದ್ದು ಬಹುಮಟ್ಟಿಗೆ ಒಂದು ಸೀಸೆ ಕೆಮ್ಮಿನ ಔಷಧ. ಕಫವನ್ನು ಪರೀಕ್ಷಿಸಿರಲಿಲ್ಲ.

ಅಡಗಿದ್ದವರು ರೋಗಿಗಳಲ್ಲ, ಎದುರಿಗೆ ನಿಂತಿದ್ದವರನ್ನು ನಾವು ಎಣಿಸಿರಲಿಲ್ಲ. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವು, ಕೆಮ್ಮುತ್ತ ಬರುವವರ ಕಫವನ್ನು ಸಾಮಾನ್ಯ ಆಸ್ಪತ್ರೆಗಳಲ್ಲಿಯೇ ಸೂಕ್ಷ್ಮದರ್ಶಕದಿಂದ ಪರೀಕ್ಷಿಸಬೇಕೆಂಬ ಕ್ರಮವನ್ನು ತಂದದ್ದು ಈ ತಿಳಿವಳಿಕೆಯ ಮೇಲೆ.

ಎಣಿಕೆಗೂ ಒಂದು ಮಿತಿಯುಂಟು. 1961ರಿಂದ 1968ರವರೆಗೆ ಅದೇ ಸಂಸ್ಥೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳನ್ನು ಐದು ವರ್ಷಗಳ ಅವಧಿಯಲ್ಲಿ ನಾಲ್ಕು ಸಲ ಸಮೀಕ್ಷಿಸಿತು. ಒಟ್ಟು ರೋಗಿಗಳ ಪ್ರಮಾಣ ಪ್ರತಿ ಸಲವೂ ಹೆಚ್ಚು ಬದಲಾಗದೆ ಉಳಿದಿತ್ತು. ಅಂಕಿ ಅದೇ, ಮನುಷ್ಯರು ಮಾತ್ರ ಅವರೇ ಅಲ್ಲ. ಮೊದಲ ಸಲ ಗುರುತಿಸಲಾದವರಲ್ಲಿ ಐದು ವರ್ಷಗಳ ಕೊನೆಗೆ ಶೇಕಡ 49 ಮಂದಿ ತೀರಿಕೊಂಡಿದ್ದರು, ಸುಮಾರು 33 ಮಂದಿ ರೋಗಾಣುವಿನಿಂದ ಮುಕ್ತರಾಗಿದ್ದರು, 18 ಮಂದಿಯ ಕಫದಲ್ಲಿ ರೋಗಾಣು ಇನ್ನೂ ಇತ್ತು. ತೆರವಾದ ಜಾಗಕ್ಕೆ ಅಷ್ಟೇ ಮಂದಿ ಹೊಸಬರು ಬಂದಿದ್ದರು.