ಮಿಕ್ಕ ಔಷಧವೂ ಒಂದು ಅಮಾನತ್

ಏನನ್ನು ದಾನ ಮಾಡಬೇಕೆಂಬ ಪ್ರಶ್ನೆಗೆ ಪವಿತ್ರ ಕುರ್‌ಆನ್ ಅಲ್ ಬಕರ ಅಧ್ಯಾಯದ 219ನೇ ಸೂಕ್ತದಲ್ಲಿ ನೀಡುವ ಉತ್ತರ ಒಂದೇ ಪದದ್ದು: 'ಅಲ್ ಅಫ್ವ್', ಅಂದರೆ ಅಗತ್ಯಕ್ಕೆ ಮಿಕ್ಕಿದ್ದು. ಅದೇ ಅಧ್ಯಾಯದ 267ನೇ ಸೂಕ್ತವು ಇದಕ್ಕೊಂದು ಎಲ್ಲೆಯನ್ನು ಹಾಕುತ್ತದೆ. ನಮಗೇ ಯಾರಾದರೂ ಕೊಟ್ಟರೆ ಕಣ್ಣು ಮುಚ್ಚಿಕೊಳ್ಳದೆ ಸ್ವೀಕರಿಸಲಾಗದಂಥ ಕೀಳು ವಸ್ತುವನ್ನು ದಾನಕ್ಕೆಂದು ಆರಿಸಬಾರದು. ಈ ಎರಡು ಮಾತುಗಳನ್ನು ಒಟ್ಟಿಗೆ ಪಾಲಿಸುವುದು ಎಷ್ಟು ಕಠಿಣವೆಂಬುದಕ್ಕೆ ಔಷಧದ ಇತಿಹಾಸವೇ ಸಾಕ್ಷಿ.

ಹತ್ತನೇ ಶತಮಾನದ ಆರಂಭದಲ್ಲಿ, ಅಬ್ಬಾಸೀ ಖಲೀಫ ಅಲ್ ಮುಕ್ತದಿರ್‌ನ ಆಳ್ವಿಕೆಯಲ್ಲಿ, ಇರಾಕಿನಲ್ಲಿ ರೋಗರುಜಿನಗಳು ಹೆಚ್ಚಿದವು. ಆಗ ವಝೀರನಾಗಿದ್ದ ಅಲಿ ಬಿನ್ ಈಸಾ, ಬಗ್ದಾದಿನ ಮುಖ್ಯ ವೈದ್ಯ ಸಿನಾನ್ ಬಿನ್ ಸಾಬಿತ್‌ಗೆ ಪತ್ರ ಬರೆದನು. ಸೆರೆಮನೆಯ ಕೈದಿಗಳಿಗೂ ಕಾಯಿಲೆ ಬರುತ್ತದೆ, ಅವರು ತಾವಾಗಿ ವೈದ್ಯರ ಬಳಿಗೆ ಹೋಗಲಾರರು. ಆದ್ದರಿಂದ ವೈದ್ಯರೇ ಔಷಧ ಮತ್ತು ಪಾನೀಯಗಳೊಂದಿಗೆ ದಿನವೂ ಅವರ ಬಳಿಗೆ ಹೋಗಬೇಕೆಂಬುದು ಅದರ ಸಾರ. ಇನ್ನೊಂದು ಪತ್ರದಲ್ಲಿ, ವೈದ್ಯರೇ ಇಲ್ಲದ ಸವಾದ್ ಪ್ರದೇಶದ ಹಳ್ಳಿಗಳಿಗೆ ಔಷಧ ಭಂಡಾರದೊಂದಿಗೆ ವೈದ್ಯರನ್ನು ಕಳುಹಿಸುವಂತೆ ಆದೇಶಿಸಿದನು.

ಆ ತಂಡ ಸೂರಾ ಎಂಬ ಊರನ್ನು ತಲುಪಿತು. ಅಲ್ಲಿನ ನಿವಾಸಿಗಳಲ್ಲಿ ಹೆಚ್ಚಿನವರು ಯಹೂದಿಯರು. ಉಳಿದು ಚಿಕಿತ್ಸೆ ನೀಡಬೇಕೇ, ಮುಂದಕ್ಕೆ ಹೋಗಬೇಕೇ ಎಂದು ವೈದ್ಯರು ಕೇಳಿದರು. ಸಿನಾನ್ ಆ ಪ್ರಶ್ನೆಯನ್ನು ವಝೀರನ ಮುಂದಿಟ್ಟು, ರಾಜಧಾನಿಯ ಆಸ್ಪತ್ರೆಯಲ್ಲಿ ಮುಸ್ಲಿಮರಿಗೂ ಮುಸ್ಲಿಮೇತರರಿಗೂ ಚಿಕಿತ್ಸೆ ನೀಡುವ ರೂಢಿಯಿದೆಯೆಂದು ನೆನಪಿಸಿದನು. ಸ್ವತಃ ಸಿನಾನ್ ಹರ್‍ರಾನಿನ ಸಾಬಿ ಮನೆತನದವನು. ಅವನು ಇಸ್ಲಾಮ್ ಸ್ವೀಕರಿಸಿದ್ದು ನಂತರದ ಖಲೀಫನ ಕಾಲದಲ್ಲಿ.

ವಝೀರನ ಉತ್ತರವನ್ನು ಇದ್ದಂತೆಯೇ ಹೇಳಬೇಕು. ಮುಸ್ಲಿಮೇತರರಿಗೂ ಪ್ರಾಣಿಗಳಿಗೂ ಚಿಕಿತ್ಸೆ ನೀಡುವುದು ಸರಿಯೆಂಬುದರಲ್ಲಿ ತನಗೆ ಭಿನ್ನಾಭಿಪ್ರಾಯವಿಲ್ಲ ಎಂದನು. ಆದರೆ ಪ್ರಾಣಿಗಳಿಗಿಂತ ಮೊದಲು ಮನುಷ್ಯರು, ಮನುಷ್ಯರಲ್ಲಿ ಮುಸ್ಲಿಮರು ಮೊದಲು. ಅವರ ಅಗತ್ಯಕ್ಕೆ ಮಿಕ್ಕಿದ್ದು ನಂತರದವರಿಗೆ ಎಂದು ಕ್ರಮ ಹಾಕಿದನು. ಈ ಸರದಿ ಆ ಕಾಲದ ರಾಜ್ಯವ್ಯವಸ್ಥೆಯದ್ದು. ಇಂದು ರೋಗದ ತೀವ್ರತೆಯೇ ಸರದಿಯನ್ನು ನಿರ್ಧರಿಸಬೇಕೆಂದು ನಾವು ಬಲ್ಲೆವು. ಆದರೂ ಆ ಪತ್ರದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮಿಕ್ಕ ಔಷಧವನ್ನು ಭಂಡಾರಕ್ಕೆ ಹಿಂದಿರುಗಿಸಬೇಕೆಂದು ಅವನು ಹೇಳಲಿಲ್ಲ. ಅದಕ್ಕೆ ಮುಂದಿನ ಹಕ್ಕುದಾರನನ್ನು ಗೊತ್ತುಮಾಡಿದನು.

ಆಸ್ಪತ್ರೆಯ ಹೊಸ್ತಿಲು ದಾಟಿದ ಔಷಧವೊಂದು ಏನನ್ನು ಸಾಧಿಸಬಲ್ಲದೆಂಬುದಕ್ಕೆ ಕೈರೋ ನಗರದಲ್ಲಿ ಉದಾಹರಣೆಯಿದೆ. ಅಮೀರ್ ಕಲಾವೂನ್ ಸಿರಿಯಾದಲ್ಲಿ ತೀವ್ರ ಹೊಟ್ಟೆನೋವಿಗೆ ತುತ್ತಾದಾಗ, ಸುಲ್ತಾನ್ ನೂರುದ್ದೀನ್ ಸ್ಥಾಪಿಸಿದ್ದ ದಮಾಸ್ಕಸ್‌ನ ಆಸ್ಪತ್ರೆಯಿಂದ ತಂದ ಔಷಧದಿಂದ ಗುಣಮುಖನಾದನೆಂದು ಇತಿಹಾಸಕಾರ ಮಕ್ರೀಝಿ ಬರೆಯುತ್ತಾನೆ. ಅಧಿಕಾರ ದೊರೆತರೆ ಅಂಥದ್ದೇ ಆಸ್ಪತ್ರೆಯನ್ನು ಕಟ್ಟಿಸುವೆನೆಂದು ಅವನು ಹರಕೆ ಹೊತ್ತನು. ಸುಲ್ತಾನನಾದ ಬಳಿಕ 1284ರಲ್ಲಿ ಮನ್ಸೂರಿ ಆಸ್ಪತ್ರೆ ತಲೆಯೆತ್ತಿತು. ಅದರ ವೆಚ್ಚಕ್ಕೆ ಆಸ್ತಿಗಳನ್ನು ವಕ್ಫ್ ಮಾಡಲಾಯಿತು. ಮನೆಯಲ್ಲೇ ಮಲಗಿದ್ದ ಬಡ ರೋಗಿಗಳಿಗೂ ಅಲ್ಲಿಂದ ಔಷಧ ಮತ್ತು ಆಹಾರ ಹೋಗುತ್ತಿತ್ತು. ಇವೆಲ್ಲದರ ಹಿಂದೆ ಲೆಕ್ಕ ಇಡುವ, ಉತ್ತರ ಕೊಡಬೇಕಾದ ಒಬ್ಬ ಮೇಲ್ವಿಚಾರಕನಿರುತ್ತಿದ್ದನು.

ಈ ಹೊಣೆಗಾರಿಕೆ ತಪ್ಪಿದಾಗ ಏನಾಗುತ್ತದೆಂಬುದನ್ನು ನಮ್ಮ ಕಾಲದ ಬೋಸ್ನಿಯಾ ಕಂಡಿತು. 1992ರಿಂದ 1996ರವರೆಗೆ, ಯುದ್ಧದಿಂದ ತತ್ತರಿಸಿದ ಆ ನಾಡಿಗೆ ಜಗತ್ತಿನಾದ್ಯಂತದಿಂದ ಔಷಧಗಳು ಹರಿದು ಬಂದವು. ಅವುಗಳಲ್ಲಿ ಸುಮಾರು 17,000 ಟನ್‌ಗಳಷ್ಟು ನಿರುಪಯುಕ್ತವಾಗಿದ್ದವೆಂದು 1997ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಅವಧಿ ಮುಗಿದವು, ಅರ್ಧ ಬಳಸಿದವು, ಯಾವ ಕಾಯಿಲೆಗೆಂದು ತಿಳಿಯದವು ಅದರಲ್ಲಿ ಸೇರಿದ್ದವು. ನೊಂದವರಿಗೆ ನೆರವಾಗುವ ಬದಲು ಆ ರಾಶಿ, ವಿಲೇವಾರಿ ಮಾಡಬೇಕಾದ ಹೊರೆಯಾಯಿತು. ದಾನಿಗಳ ಉದ್ದೇಶ ಒಳ್ಳೆಯದೇ ಇದ್ದಿರಬಹುದು. ಆದರೆ ಪಡೆಯುವವನ ಅಗತ್ಯವನ್ನು ಯಾರೂ ಕೇಳಿರಲಿಲ್ಲ.

1996ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಔಷಧ ದಾನಕ್ಕೆ ಮಾರ್ಗಸೂಚಿಗಳನ್ನು ಪ್ರಕಟಿಸಿತು. ಪಡೆಯುವವರು ಅಗತ್ಯವೆಂದು ತಿಳಿಸಿದ್ದನ್ನೇ ಕೊಡಬೇಕು. ರೋಗಿಗೆ ಒಮ್ಮೆ ಕೊಟ್ಟು ಹಿಂದಕ್ಕೆ ಬಂದ ಔಷಧವನ್ನು ಕೊಡಬಾರದು. ತಲುಪುವಾಗ ಸಾಮಾನ್ಯವಾಗಿ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಬೇಕು. ದಾನಿಯ ದೇಶದಲ್ಲಿ ಸಲ್ಲದ ಗುಣಮಟ್ಟ ಪಡೆಯುವವನಿಗೂ ಸಲ್ಲದು. ಈ ಕೊನೆಯ ನಿಯಮವನ್ನು ಓದುವಾಗ 267ನೇ ಸೂಕ್ತ ನೆನಪಾಗದಿರದು.

ನಮ್ಮ ಮನೆಗಳಲ್ಲೂ ಮಿಕ್ಕಿದ್ದು ಇದೆ. ತಂದೆಯವರ ವಫಾತಿನ ನಂತರ ಮೂಲೆ ಸೇರಿದ ಗಾಲಿಕುರ್ಚಿ, ಕಾಲು ಕೂಡಿದ ಮೇಲೆ ಅಟ್ಟ ಹತ್ತಿದ ಊರುಗೋಲು, ಮಂಚ, ವಾಕರ್. ಇವುಗಳನ್ನು ಶುಚಿಗೊಳಿಸಿ, ದುರಸ್ತಿ ಮಾಡಿ, ಒಂದು ದಫ್ತರದಲ್ಲಿ ಬರೆದಿಟ್ಟು ಅಗತ್ಯವಿದ್ದವರಿಗೆ ಎರವಲು ಕೊಡುವ ವ್ಯವಸ್ಥೆಯನ್ನು ಯಾವ ಜಮಾಅತ್ ಕೂಡ ಮಾಡಬಲ್ಲದು. ಉಳಿದ ಮಾತ್ರೆಗಳನ್ನು ಮಾತ್ರ ಕೈಯಿಂದ ಕೈಗೆ ದಾಟಿಸಬಾರದು. ಅಲ್ಲಿ ಸದುದ್ದೇಶವೇ ಅಪಾಯವಾದೀತು. ವಸ್ತು ನಮ್ಮ ಮನೆಯಿಂದ ಹೊರಗೆ ಹೋದೊಡನೆ ನಮ್ಮ ಹೊಣೆ ಮುಗಿಯುವುದಿಲ್ಲ. ಅದು ಯೋಗ್ಯ ಸ್ಥಿತಿಯಲ್ಲಿ, ಬೇಕಾದವನ ಕೈಗೆ ತಲುಪಿದಾಗಲೇ ಅಮಾನತ್ ಸಂದಂತಾಗುತ್ತದೆ.