ಗೋವೆಯ ಉಪ್ಪಿನ ಋಣ

ನಾನು ಏಳನೇ ಇಯತ್ತೆ ಕಲಿತವನು. ಹಗಲು ಹೊಲ ಮಾಡುವುದು, ರಾತ್ರಿ ಭಜನಿ ಇದ್ದರ ಹೋಗಿ ಹಾಡುವುದು, ಇಷ್ಟ ನನ್ನ ಬಾಳ್ವಿ. ಇತಿಹಾಸ ಬರೆಯುವಷ್ಟು ಶ್ಯಾಣ್ಯಾ ನಾನಲ್ಲ. ಆದರ ಹೋದ ವರ್ಷ ಇದೇ ವಾಚನಾಲಯದ ಕಟ್ಟಿ ಮ್ಯಾಲೆ ಒಂದು ಮಾತು ಬಂತು. ಗೋವಾಕ್ಕ ಹೋಗಿ ಬಂದ ನಮ್ಮೂರ ಹುಡುಗ ಒಬ್ಬ, "ಅಲ್ಲೇನೈತಿ ಕಾಕಾ, ಸಮುದ್ರದ ದಂಡಿ, ಕುಡಿಯೂದು, ಮುಗೀತು" ಅಂದ. ಎಲ್ಲರೂ ನಕ್ಕರು. ನನಗ ನಗು ಬರಲಿಲ್ಲ. ಗೋವಾ ನನ್ನ ಮನಿಗೆ ಅನ್ನ ಹಾಕ್ಯದ. ಅದೇ ಗೋವಾದ ಶೆರೆ ನನ್ನ ತಮ್ಮನನ್ನ ತಿಂದದ. ಎರಡೂ ಕಂಡವನು ನಾನು. ಅದಕ್ಕ ಬರೆಯಲಿಕ್ಕೆ ಕೂತೆ.

ಮೊದಲು ಉಪ್ಪಿನಿಂದ ಸುರು ಮಾಡತೀನಿ. ನಮ್ಮ ಆಯಿ, ಅಂದರ ನಮ್ಮಪ್ಪನ ಅವ್ವ, ಕಲ್ಲುಪ್ಪನ್ನ ಮಣ್ಣಿನ ಗಡಗಿಯೊಳಗ ಇಡತಿದ್ದಳು. ಮ್ಯಾಲೆ ಒಂದು ಕರಟಿ ಮುಚ್ಚತಿದ್ದಳು. ಬೀಸುಕಲ್ಲಿನ ಮುಂದ ಕೂತಾಗ ಹೇಳತಿದ್ದಳು, "ಇದು ಗೋವಿ ಉಪ್ಪು, ಕಾಲಾಗ ಹಾಕಬ್ಯಾಡ್ರಿ, ಎತ್ತಿನ ಬೆನ್ನ ಮ್ಯಾಲೆ ಘಟ್ಟಾ ಏರಿ ಬಂದೈತಿ." ನಾನು ಸಣ್ಣವನಿದ್ದಾಗ ಇದು ಕತಿ ಅಂತ ತಿಳಕೊಂಡಿದ್ದೆ. ಮುಂದ ಇದೇ ವಾಚನಾಲಯದ ಹಳೆ ಪುಸ್ತಕ ಓದಿದಾಗ ಆಯಿ ಹೇಳಿದ್ದು ಖರೇ ಅಂತ ಗೊತ್ತಾತು.

ನಮ್ಮ ಖಾನಾಪುರ ತಾಲೂಕಿನ ನಂದಗಡ ಅಂದರ ಎಲ್ಲರೂ ಸಂಗೊಳ್ಳಿ ರಾಯಣ್ಣನ ಹೆಸರು ಹೇಳತಾರ. ಅವನನ್ನು 1831ರಲ್ಲಿ ಇಂಗ್ಲಿಷರು ಗಲ್ಲಿಗೆ ಹಾಕಿದ್ದು ಅಲ್ಲೇ. ಆದರ ನಂದಗಡಕ್ಕ ಇನ್ನೊಂದು ಹೆಸರೂ ಇತ್ತು. ಅದು ಗೋವಾದ ಕೂಡ ವ್ಯಾಪಾರ ಮಾಡುವ ದೊಡ್ಡ ಪ್ಯಾಟಿ. ಇಂಗ್ಲಿಷರ ಕಾಲದ ಗೆಜೆಟಿಯರಿನೊಳಗ ಬರೆದಾರ: ಗೋವಾದಿಂದ ಅಡಿಕಿ, ತೆಂಗಿನಕಾಯಿ, ಕೊಬ್ಬರಿ ಎಣ್ಣಿ, ಖಾರೀಕು, ಉಪ್ಪು ನಂದಗಡಕ್ಕ ಬರತಿದ್ದವು. ನಮ್ಮ ಕಡಿಯಿಂದ ಗೋದಿ ಮತ್ತಿತರ ಕಾಳು-ಕಡಿ ಪೋರ್ತುಗೀಜರ ಸೀಮಿಗೆ ಇಳಿದು ಹೋಗತಿದ್ದವು. ಲಮಾಣಿ ಜನ ನೂರಾರು ಎತ್ತಿನ ಮ್ಯಾಲೆ ಹೇರು ಹೇರಿಕೊಂಡು, ಇಳಿಯುವಾಗ ಕಾಳು, ಏರುವಾಗ ಉಪ್ಪು, ಹಿಂಗ ಈ ಸೀಮಿಯಲ್ಲೆಲ್ಲ ತಿರುಗತಿದ್ದರು. ರಸ್ತೆ ಇರಲಿಲ್ಲ, ಕಾಡಿನ ಕಾಲುದಾರಿ. ನಾವು ಅನ್ನಕ್ಕ ಹಾಕಿಕೊಂಡ ಉಪ್ಪು ಅವರ ಬೆವರಿನ ಉಪ್ಪೂ ಹೌದು.

ಈ ಸಂಬಂಧ ಪೋರ್ತುಗೀಜರಿಗಿಂತ ಹಳೇದು. ನಮ್ಮ ಹಲಸಿಯ ಭೂವರಾಹ ನರಸಿಂಹ ಗುಡಿ, ಕಿತ್ತೂರ ಹತ್ತರದ ದೇಗಾವಿಯ ಕಮಲನಾರಾಯಣ ಗುಡಿ ನೀವೆಲ್ಲ ನೋಡೀರಿ. ಅವು ಗೋವಾ ಕದಂಬರ ಕಾಲದವು. ದೇಗಾವಿ ಗುಡಿ ಕಟ್ಟಿಸಿದಾಕಿ ಕಮಲಾದೇವಿ, ಶಿವಚಿತ್ತ ಪೆರ್ಮಾಡಿ ರಾಜನ ರಾಣಿ. ಘಟ್ಟದ ಮ್ಯಾಲೆ ಹಲಸಿ, ಘಟ್ಟದ ಕೆಳಗ ಗೋಪಕಪಟ್ಟಣ, ಎರಡೂ ಒಂದೇ ಮನೆತನದ ಕೈಯಾಗ ಇದ್ದವು. ಇವತ್ತಿಗೂ ಗೋವಾದ ಸರ್ಕಾರಿ ಬಸ್ಸಿನ ಮ್ಯಾಲೆ "ಕದಂಬ" ಅಂತ ಹೆಸರದ. ನಾನು ಮೊದಲ ಸಲ ಪಣಜಿಯೊಳಗ ಆ ಬಸ್ಸು ನೋಡಿದಾಗ, ಪರ ಊರಿನ್ಯಾಗ ನಮ್ಮೂರವರು ಭೆಟ್ಟಿ ಆದಂಗ ಆತು.

1510ರಲ್ಲಿ ಪೋರ್ತುಗೀಜರ ಅಲ್ಬುಕರ್ಕ್ ಗೋವಾವನ್ನ ಬಿಜಾಪುರದ ಆದಿಲಶಾಹಿಯಿಂದ ಕಸಕೊಂಡ. ಅವರು ತುಪಾಕಿ ತಂದರು, ತಮ್ಮ ಧರ್ಮ ತಂದರು, ಬಾಳ ಜನರಿಗೆ ತ್ರಾಸೂ ಕೊಟ್ಟರು. ಅದನ್ನ ಮರೆಯಬಾರದು. ಆದರ ಅವರ ಹಡಗಿನೊಳಗ ಬೀಜಗಳೂ ಬಂದವು. ಸಮುದ್ರದ ಆಚಿ ಅಮೇರಿಕಾ ಖಂಡದಿಂದ ಮೆಣಸಿನಕಾಯಿ, ಗೋಡಂಬಿ, ಪಪ್ಪಾಯಿ, ಅನಾನಸ, ಪೇರಲ, ಬಟಾಟಿ ಇವೆಲ್ಲ ನಮ್ಮ ದೇಶಕ್ಕ ಬರಲಿಕ್ಕೆ ಅವರೇ ಕಾರಣ. ಅದಕ್ಕೂ ಮೊದಲು ನಮ್ಮವರು ಖಾರಕ್ಕ ಕರಿಮೆಣಸು ಹಾಕತಿದ್ದರು. ಹೊಸಾ ಕಾಯಿ ಬಂದಾಗ, ಇದು ಮೆಣಸಿನಂಗ ಖಾರ ಐತಿ, ಆದರ ಕಾಯಿ ಐತಿ ಅಂತ "ಮೆಣಸಿನಕಾಯಿ" ಅಂದರು. ಹೆಸರಿನೊಳಗೇ ಇತಿಹಾಸ ಐತಿ ನೋಡ್ರಿ.

ನಮ್ಮ ಬಾಯಾಗಿನ ಮಾತು ತೆಗೀರಿ. ಬಟಾಟಿ ಅನ್ನೂದು ಪೋರ್ತುಗೀಜ ಮಾತು. ಪೇರಲ, ಅನಾನಸ, ಪಾವು ಇವೂ ಅಲ್ಲಿಂದ ಬಂದವು. ಕೀಲಿಗೆ ನಾವು ಅನ್ನುವ ಚಾವಿ, ತಿಂಗಳಾ ಎಣಿಸಿಕೊಳ್ಳುವ ಪಗಾರ, ಇವೂ ಅವರವೇ. ನಮ್ಮ ಹಿರಿಯರು ಪೋರ್ತುಗೀಜರ ಮುಖ ನೋಡಲಿಲ್ಲ, ಆದರ ಅವರ ಮಾತು ಉಂಡರು. ಇವತ್ತು ಬ್ಯಾಡಗಿ ಮೆಣಸಿನಕಾಯಿ ಇಲ್ಲದ ಕರ್ನಾಟಕ ಇಲ್ಲ. 2011ರಲ್ಲಿ ಅದಕ್ಕ ಸರ್ಕಾರದ ಭೌಗೋಳಿಕ ಗುರುತೂ ಸಿಕ್ಕಿತು. ಗೋವಾದಿಂದ ಬೀಜ ಆಗಿ ಏರಿದ್ದು, ಬ್ಯಾಡಗಿಯೊಳಗ ಕೆಂಪು ಬಣ್ಣ ಪಡಕೊಂಡು, ತಿರುಗಿ ಗೋವಾದ ಮೀನಿನ ಸಾರಿಗೇ ಇಳಿಯತದ.

ಗೋವಾದ ಮಂದಿಯೂ ಬಂದದ್ದನ್ನ ಬಂದಂಗ ಇಟ್ಟುಕೊಳ್ಳಲಿಲ್ಲ. ಪೋರ್ತುಗೀಜರಿಗೆ ರೊಟ್ಟಿ ಅಂದರ ಉಬ್ಬಿದ ಗೋದಿ ರೊಟ್ಟಿ. ಹಿಟ್ಟು ಉಬ್ಬಿಸಲಿಕ್ಕೆ ಇಲ್ಲಿ ಅವರ ಹುಳಿ ಸಿಗಲಿಲ್ಲ. ತೆಂಗಿನ ಶೇಂದಿ ಹಾಕಿ ನಾದಿದರು. ಹಂಗ ಗೋವಾದ ಪಾವು ಹುಟ್ಟಿತು. ಬೂಸಾ ಕೂಡಿದ್ದಕ್ಕ ಪೊಯಿ ಅಂತಾರ, ಒಳಗ ಟೊಳ್ಳ ಇರತದ. ಬೆಳಕು ಹರಿಯುವ ಮೊದಲು ಪೊದೇರ ಸೈಕಲ್ ಮ್ಯಾಲೆ ಬುಟ್ಟಿ ಕಟ್ಟಿಕೊಂಡು ಪೊಂಯ್ ಪೊಂಯ್ ಅಂತ ಓಣಿಯೊಳಗ ಬರತಾನ. ಅವರ ದೇಶದಾಗ ಮಾಂಸವನ್ನ ದ್ರಾಕ್ಷಿ ಶೆರೆ ಮತ್ತ ಬಳ್ಳೊಳ್ಳಿಯೊಳಗ ನೆನಸಿ ಇಡತಿದ್ದರು. ಗೋವಾದವರು ಶೆರೆಯ ಬದಲಿ ಶೇಂದಿಯ ಹುಳಿ ಹಾಕಿದರು, ಮೆಣಸಿನಕಾಯಿ ಅರೆದು ಕೂಡಿಸಿದರು, ಅದು ವಿಂದಾಲು ಆತು. ಇವತ್ತು ಇಂಗ್ಲೆಂಡಿನ ಹೋಟೆಲಿನ್ಯಾಗೂ ಸಿಗತದಂತ.

ಇವು ಹಬ್ಬದ ಊಟ. ದಿನದ ಊಟ ಬ್ಯಾರೆ. ಕುಸುಬಲಕ್ಕಿ ಅನ್ನ, ಕೊಬ್ಬರಿ ಅರೆದ ಮೀನಿನ ಸಾರು, ಮುರುಗಲ ಹಣ್ಣಿನ ಹುಳಿ. ಹೊತ್ತೇರಿದ ಮ್ಯಾಲೆ ಪೇಜ, ಅಂದರ ಗಂಜಿ, ಬಾಯಿಗೆ ಒಂದು ಉಪ್ಪಿನಕಾಯಿ ಇಲ್ಲಾ ಒಣಮೀನು. ಆ ಅಕ್ಕಿ ಬೆಳೆಯುವ ಖಾಜನ ಹೊಲ ನೋಡಬೇಕು. ನದಿಯೊಳಗ ಸಮುದ್ರದ ಉಪ್ಪುನೀರು ಏರಿ ಬರತದ. ಮಣ್ಣಿನ ಒಡ್ಡು ಹಾಕಿ, ಕಟ್ಟಿಗಿ ಬಾಗಿಲು ಇಟ್ಟು ಅದನ್ನ ತಡೀತಾರ. ಉಪ್ಪು ತಡಕೊಳ್ಳುವ ಕೊರ್ಗುಟ್ ಅನ್ನುವ ಭತ್ತ ಅಲ್ಲಿ ಬೆಳೀತದ. ಅದೇ ಬಾಗಿಲಿನ ಹತ್ತರ ಮೀನು ಹಿಡೀತಾರ. ದಂಡಿಯ ಮಡಿಯೊಳಗ ಬ್ಯಾಸಗಿಗೆ ನೀರು ಒಣಗಿಸಿ ಉಪ್ಪು ತೆಗೀತಾರ. ಒಂದೇ ನೀರಿನಿಂದ ಅಕ್ಕಿ, ಮೀನು, ಉಪ್ಪು ಮೂರೂ. ರೈತ ಆಗಿ ಹೇಳತೀನಿ, ಇದು ಸಣ್ಣ ವಿದ್ಯಾ ಅಲ್ಲ.

ಆ ಉಪ್ಪಿನ ಮ್ಯಾಲೆ ಒಂದು ದೊಡ್ಡ ಏಟು ಬಿತ್ತು. 1878ರಲ್ಲಿ ಇಂಗ್ಲಿಷರು ಮತ್ತ ಪೋರ್ತುಗೀಜರು ಕೂಡಿ ಒಂದು ಕರಾರು ಮಾಡಿಕೊಂಡರು. ಇಂಗ್ಲಿಷರು ವರ್ಷಕ್ಕ 4 ಲಕ್ಷ ರೂಪಾಯಿ ಕೊಡುವುದು, ಗೋವಾದ ಉಪ್ಪಿನ ಮ್ಯಾಲಿನ ಅಧಿಕಾರ ಅವರ ಕೈಗೆ ಬರುವುದು. ಇಂಗ್ಲಿಷರಿಗೆ ತಮ್ಮ ಉಪ್ಪಿನ ತೆರಿಗಿ ಉಳೀಬೇಕಿತ್ತು. ಎಷ್ಟೋ ಉಪ್ಪಿನ ಮಡಿ ಬಂದಾದವು, ದುಡಿಯುವವರು ಕೈ ಕಟ್ಟಿ ಕೂತರು. ಕರಾರು 1892ಕ್ಕ ಮುಗೀತು, ಆದರ ಹೋದ ಗಿರಾಕಿ ತಿರುಗಿ ಬರಲಿಲ್ಲ. ಅದೇ ಹೊತ್ತಿನೊಳಗ ಮುರಗಾಂವ ಬಂದರದಿಂದ ಕ್ಯಾಸಲ್‌ರಾಕ್ ತನಕ ರೇಲ್ವೆ ಆತು, 1888ರಲ್ಲಿ ಕೆಲಸ ಮುಗೀತು. ರೇಲು ಬಂದ ಮ್ಯಾಲೆ ಲಮಾಣಿಗಳ ಎತ್ತಿನ ಹೇರು ನಿಂತಿತು. ನಂದಗಡದ ಪ್ಯಾಟಿಯ ಗದ್ದಲಾ ಹೊಳ್ಳಿ ಮೊದಲಿನಂಗ ಆಗಲಿಲ್ಲ.

ಎರಡನೇ ಏಟು ನಮ್ಮಪ್ಪನ ಕಾಲದ್ದು. 1947ಕ್ಕ ನಮಗ ಸ್ವಾತಂತ್ರ್ಯ ಬಂದರೂ ಪೋರ್ತುಗೀಜರು ಗೋವಾ ಬಿಡಲಿಲ್ಲ. 1955ರಲ್ಲಿ ಭಾರತ ಸರ್ಕಾರ ಗಡಿ ಬಂದ್ ಮಾಡಿತು. ರೇಲು ನಿಂತಿತು, ಮಾಲು ನಿಂತಿತು. ಆವಾಗ ಗೋವಾಕ್ಕ ಬಟಾಟಿ ಹಾಲೆಂಡ್ ದೇಶದಿಂದ, ಅಕ್ಕಿ ಪಾಕಿಸ್ತಾನದಿಂದ, ಚಹಾಪುಡಿ ಸಿಂಹಳದಿಂದ ಹಡಗಿನ್ಯಾಗ ತರಿಸಿದರು. ಬೆಳಗಾವಿ ಬಟಾಟಿ ಒಂದು ದಿನದ ದಾರಿಯೊಳಗ ಇತ್ತು, ಆದರ ಬಂದದ್ದು ಸಾವಿರಾರು ಮೈಲಿಯಿಂದ. ನಮ್ಮಪ್ಪ ಹೇಳತಿದ್ದ, "ಈ ಕಡೆ ಬಟಾಟಿಗೆ ಕೇಳವರಿಲ್ಲ, ಆ ಕಡೆ ಬಟಾಟಿನ ಇಲ್ಲ." 1961ರ ಡಿಸೆಂಬರ್ 19ಕ್ಕ ಗೋವಾ ಬಿಡುಗಡಿ ಆತು, ದಾರಿ ತೆರೀತು. 2020ರ ಮಾರ್ಚಿನಾಗ ಲಾಕ್‌ಡೌನ್ ಆದಾಗ ಅಪ್ಪನ ಮಾತು ನನಗ ನೆನಪಾತು. ಅಲ್ಲಿ ಕಾಯಿಪಲ್ಯಕ್ಕ ಜನ ಒದ್ದಾಡಿದರು, ಇಲ್ಲಿ ನನ್ನ ಕೋಬೀಜ ಹೊಲದಾಗ ಕೊಳೀತು. ಎತ್ತಿಗೆ ಹಾಕಿದೆ.

ಈಗ ನನ್ನ ಕತಿ. ನಾನು ಹದಿನೈದು ವರ್ಷ ಟೆಂಪೋದಾಗ ಹಸಿಮೆಣಸಿನಕಾಯಿ, ಕೋಬೀಜ ಹೇರಿಕೊಂಡು ಲೋಂಡಾ, ರಾಮನಗರ, ಅನಮೋಡ ಘಟ್ಟ ಇಳಿದು, ಫೋಂಡಾ ಹಾದು, ಮಾಪುಸಾದ ಶುಕ್ರವಾರದ ಸಂತಿಗೆ ಹೋಗತಿದ್ದೆ. ಆ ಸಂತಿಯೊಳಗ ಒಣಮೀನು, ಬೆಲ್ಲ, ಮಣ್ಣಿನ ಮಡಿಕಿ, ಗೋವಾದ ಸಾಸೇಜಿನ ಮಾಲಿ ಎಲ್ಲಾ ಒಂದೇ ಸಾಲಿನ್ಯಾಗ. ಮೇ ತಿಂಗಳಾದರ ಮಳಿಗಾಲದ ಸಂಗ್ರಹ ಮಾಡತಾರ, ಪುರುಮೆಂತ ಅಂತಾರ. ಒಣಮೆಣಸಿನಕಾಯಿ, ಉಳ್ಳಾಗಡ್ಡಿ, ಉಪ್ಪು, ಒಣಮೀನು ಕಟ್ಟಿ ಕಟ್ಟಿ ಒಯ್ಯತಾರ. ಉಳ್ಳಾಗಡ್ಡಿ ಮೆಣಸಿನಕಾಯಿ ನಮ್ಮ ಕಡೀವು.

ಒಂದು ಶುಕ್ರವಾರ ರೇಟಿನ ಸಲುವಾಗಿ ಮಾತು ಬೆಳೆದು, ಒಬ್ಬ ಹುಡುಗ ನನಗ "ಏ ಘಾಟಿ" ಅಂದ. ಘಟ್ಟದ ಮ್ಯಾಲಿನವರನ್ನ ಅಲ್ಲಿ ಹಂಗ ಹೀಯಾಳಿಸತಾರ. ನನ್ನ ಮೈಯೆಲ್ಲ ಉರೀತು. ಪಕ್ಕದಾಗ ಮೀನು ಮಾರುವ ಒಬ್ಬಾಕಿ ಮುದುಕಿ ಇದ್ದಳು, ನಾನು ಆಕೀಗೆ "ಮಾಯೆ" ಅಂತಿದ್ದೆ, ಆಕಿ ನನಗ "ಪುತಾ" ಅಂತಿದ್ದಳು. ಆಕಿ ಎದ್ದು ನಿಂತು ಆ ಹುಡುಗಗ ಕೊಂಕಣಿಯೊಳಗ ಬೈದಳು: "ಈ ಘಾಟಿ ಇಳಿದು ಬರದಿದ್ದರ ನಿಮ್ಮವ್ವ ಸಾರಿಗೆ ಏನು ಅರೀತಾಳ?" ಆಮ್ಯಾಲೆ ತನ್ನ ಡಬ್ಬಿ ತೆಗೆದು ನನಗ ಅರ್ಧಾ ಪೇಜ ಹಾಕಿದಳು. ಬಾಯಿಗೆ ಉಪ್ಪಿನ ಹರಳು ಕೊಟ್ಟಳು. ಆಯಿಯ ಗಡಗಿಯ ಉಪ್ಪು ಅದೇ ರುಚಿ ಇತ್ತು. ಆಕಿ ಯಾವ ದೇವರಿಗೆ ಕೈ ಮುಗೀತಿದ್ದಳು ನಾನು ಕೇಳಲಿಲ್ಲ. ನನ್ನ ಜಾತಿ ಆಕಿ ಕೇಳಲಿಲ್ಲ.

ಶೆರೆಯ ಮಾತೂ ಮುಚ್ಚಿಡೂದಿಲ್ಲ. ಗೇರುಹಣ್ಣಿನ ಫೇಣಿ ಮಾಡುವುದೂ ಒಂದು ಕಸುಬು, ಅದಕ್ಕ ಮರ್ಯಾದಿ ಐತಿ. ಹಣ್ಣು ಹರಿಯೂದಿಲ್ಲ, ತಾನಾಗಿ ಬಿದ್ದದ್ದನ್ನ ಆರಿಸತಾರ. ಕಲ್ಲಿನ ತೊಟ್ಟಿಯೊಳಗ ಕಾಲಿನಿಂದ ತುಳೀತಾರ. ರಸ ಎರಡು-ಮೂರು ದಿನ ಹುಳಿ ಏರಿದ ಮ್ಯಾಲೆ ಭಟ್ಟಿ ಇಳಿಸತಾರ. ಮೊದಲು ಇಳಿದದ್ದು ಉರಾಕ, ಹೊಳ್ಳಿ ಭಟ್ಟಿ ಇಳಿಸಿದರ ಫೇಣಿ. 2009ರಲ್ಲಿ ಗೋವಾದ ಗೇರು ಫೇಣಿಗೆ ಭೌಗೋಳಿಕ ಗುರುತು ಸಿಕ್ಕಿತು. ಅಲ್ಲಿಯ ಹಳಬರು ಸುಗ್ಗಿ ಮುಗಿದ ಮ್ಯಾಲೆ ಒಂದು ಸಣ್ಣ ಗ್ಲಾಸು ತಗೊಂಡು, ಉಂಡು ಮಲಗತಾರ.

ನನ್ನ ತಮ್ಮ ಹಂಗ ಕುಡೀಲಿಲ್ಲ. ಮನಿ ಕಟ್ಟುವ ಕೆಲಸಕ್ಕಂತ ವಾಸ್ಕೋಕ್ಕ ಹೋದ. ತಗಡಿನ ಶೆಡ್ಡು, ಹೆಂಡತಿ ಮಕ್ಕಳು ಊರಾಗ. ದಿನಾ ಪಗಾರ, ದಿನಾ ಅಗ್ಗದ ಶೆರೆ, ಹೊಟ್ಟಿಗೆ ಅನ್ನ ಇಲ್ಲ. ನಲವತ್ತು ತುಂಬುವ ಮೊದಲ ಹೆಣಾ ಆಗಿ ಅದೇ ಅನಮೋಡ ಘಟ್ಟ ಏರಿ ಬಂದ. ಅವನಿಗಿಂತ ಚಲೋ ಹಾಡುವವರು ನಮ್ಮ ಮ್ಯಾಳದಾಗ ಇರಲಿಲ್ಲ. ನಾನು ಗೋವಾಕ್ಕ ಬೈಯೂದಿಲ್ಲ. ಆದರ ಕಟ್ಟಿ ಮ್ಯಾಲೆ ನಕ್ಕ ಹುಡುಗರಿಗೆ ಹೇಳತೀನಿ: ಊಟ ಬಿಟ್ಟು ಬರೇ ಕುಡಿತ ನೋಡಿ ಬಂದರ ನೀವು ಗೋವಾ ನೋಡಿಲ್ಲ. ಮುಂದಿನ ಸಲ ಹೋದಾಗ ಮುಂಜಾನೆ ಪೊದೇರನ ದನಿ ಕೇಳ್ರಿ, ಖಾಜನ ಹೊಲದ ಒಡ್ಡಿನ ಮ್ಯಾಲೆ ನಡೀರಿ, ಒಂದು ಸಂತಿ ಮಾಡ್ರಿ, ಮನಿಗೆ ಒಂದು ಸೇರು ಕಲ್ಲುಪ್ಪು ತರ್ರಿ.

ಮಹಾದಾಯಿ ನೀರಿನ ಜಗಳ ಕೋರ್ಟಿನ್ಯಾಗ ನಡದೈತಿ. ಅದು ತಿಳಿದವರು ಬಗೆಹರಿಸಲಿ. ಆದರ ಆ ಹೊಳಿ ನಮ್ಮ ತಾಲೂಕಿನ ಕಾಡಿನ್ಯಾಗ ಹುಟ್ಟಿ, ಅಲ್ಲಿ ಮಾಂಡೋವಿ ಅಂತ ಹೆಸರು ತಗೊಂಡು ಸಮುದ್ರ ಸೇರತದ. ನೀರು ಕೆಳಗ ಹೋಗಿ ಉಪ್ಪಾಗಿ ಮ್ಯಾಲೆ ಬಂದ ಕಾಲ ನಮ್ಮ ಆಯಿ ಕಂಡಿದ್ದಳು.

ಗುರುಗಳಲ್ಲಿ ಒಂದು ಬಿನ್ನಹ. ನಂದಗಡದ ಪ್ಯಾಟಿ, ಎತ್ತಿನ ಹೇರು, ಗಡಿ ಬಂದಾದ ಕಾಲ, ಇವನ್ನ ಕಂಡವರು ಕೇಳಿದವರು ನಮ್ಮೂರಾಗ ಇನ್ನೂ ನಾಲ್ಕಾರು ಮಂದಿ ಉಳಿದಾರ. ಮಕ್ಕಳನ್ನ ಅವರ ಕಟ್ಟಿಗೆ ಕಳಿಸ್ರಿ, ಬರಸ್ರಿ, ವಾಚನಾಲಯದಾಗ ಇಡ್ರಿ. ಆಯಿಯ ಉಪ್ಪಿನ ಗಡಗಿ ನಮ್ಮ ಅಟ್ಟದ ಮ್ಯಾಲೆ ಅದ, ಬಾಯಿ ಸ್ವಲ್ಪ ಸೀಳೈತಿ. ಬೇಕಂದರ ಅದನ್ನೂ ತಂದು ಇಡತೀನಿ. ಬರೆದದ್ದರಲ್ಲಿ ತಪ್ಪಿದ್ದರ ಹಿರಿಯರು ತಿದ್ದಬೇಕು.