ಅಂಗಿಯ ಗುಂಡಿಯಷ್ಟು ಗುರಿ: ಗಾಳಿಪಿಸ್ತೂಲು ಬೆಳೆದು ಬಂದ ದಾರಿ

ನಿಮ್ಮ ಅಂಗಿಯ ಒಂದು ಗುಂಡಿಯನ್ನು ನೋಡಿ. ಅದರ ಅಗಲ ಸುಮಾರು ಹನ್ನೊಂದು ಮಿಲಿಮೀಟರ್. ಅದನ್ನು ಹತ್ತು ಮೀಟರ್ ದೂರದಲ್ಲಿ, ನೆಲದಿಂದ 1.4 ಮೀಟರ್ ಎತ್ತರದಲ್ಲಿ ಅಂಟಿಸಿದ್ದೇವೆ ಎಂದುಕೊಳ್ಳಿ. ಈಗ ಒಂದು ಕಿಲೋಗ್ರಾಂ ಸಕ್ಕರೆಯ ಪೊಟ್ಟಣವನ್ನು ಒಂದೇ ಕೈಯಲ್ಲಿ ಹಿಡಿದು, ತೋಳನ್ನು ನೇರವಾಗಿ ಚಾಚಿ ನಿಲ್ಲಿ. ಅರ್ಧ ನಿಮಿಷದಲ್ಲಿ ಕೈ ನಡುಗಲು ತೊಡಗುತ್ತದೆ. ಹತ್ತು ಮೀಟರ್ ಗಾಳಿಪಿಸ್ತೂಲು ಸ್ಪರ್ಧೆಯಲ್ಲಿ ಕ್ರೀಡಾಪಟು ಮಾಡಬೇಕಾದ ಕೆಲಸ ಹೆಚ್ಚುಕಡಿಮೆ ಇದೇ. ವಿದ್ಯುನ್ಮಾನ ಗುರಿಹಲಗೆಯ ಮೇಲೆ ಒಂದು ಗಂಟೆ ಹದಿನೈದು ನಿಮಿಷಗಳೊಳಗೆ 60 ಸಲ ಆ ಗುಂಡಿಯನ್ನು ಮುಟ್ಟಬೇಕು. ಗುರಿಹಲಗೆಯ ನಡುವಿನ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿ.ಮೀ.

ಇಷ್ಟು ಚಿಕ್ಕ ಗುರಿಯನ್ನು ಮುಟ್ಟುವುದು ಯಂತ್ರದ ಸಾಮರ್ಥ್ಯವೋ, ಮನುಷ್ಯನ ಸಾಮರ್ಥ್ಯವೋ? ಗಾಳಿಪಿಸ್ತೂಲಿನ ಇತಿಹಾಸವೆಲ್ಲ ಈ ಪ್ರಶ್ನೆಯ ಸುತ್ತ ನಡೆದಿದೆ. ಅದನ್ನು ಹಂತಹಂತವಾಗಿ ನೋಡೋಣ.

ಸದ್ದಿಲ್ಲದ ಆಯುಧ

ಗಾಳಿಯ ಬಲದಿಂದ ಏನನ್ನಾದರೂ ಹಾರಿಸುವ ಉಪಾಯ ಬಹಳ ಹಳೆಯದು. ಕಾಡಿನ ಜನರ ಊದುಗೊಳವೆಯಲ್ಲಿ ಬೇಟೆಗಾರನ ಶ್ವಾಸಕೋಶವೇ ಪಂಪು. ಯುರೋಪಿನಲ್ಲಿ ಇದನ್ನು ಲೋಹದ ಯಂತ್ರವನ್ನಾಗಿ ಮಾಡುವ ಪ್ರಯತ್ನಗಳು ಹದಿನಾರನೆಯ ಶತಮಾನದ ಹೊತ್ತಿಗೇ ನಡೆದಿದ್ದವು. 1662ರಲ್ಲಿ ರಾಬರ್ಟ್ ಬಾಯ್ಲ್ ಅನಿಲದ ಒತ್ತಡ ಮತ್ತು ಗಾತ್ರಗಳ ಸಂಬಂಧವನ್ನು ಪ್ರಕಟಿಸಿದ. ನಿಮ್ಮ ಪಠ್ಯಪುಸ್ತಕದಲ್ಲಿರುವ ನಿಯಮ ಅದೇ. ಗಾತ್ರವನ್ನು ಕುಗ್ಗಿಸಿದರೆ ಒತ್ತಡ ಏರುತ್ತದೆ. ಆ ಒತ್ತಡವನ್ನು ಒಮ್ಮೆಲೇ ಬಿಟ್ಟರೆ ಗುಂಡು ಹಾರುತ್ತದೆ.

ಈ ತತ್ತ್ವ ಯುದ್ಧಭೂಮಿಗೂ ಹೋಗಿಬಂದಿತು. 1780ರ ಸುಮಾರಿಗೆ ಬಾರ್ತೊಲೊಮೆಯುಸ್ ಜಿರಾರ್ಡೋನಿ ಎಂಬಾತ ರೂಪಿಸಿದ ಗಾಳಿಬಂದೂಕನ್ನು ಆಸ್ಟ್ರಿಯಾದ ಸೇನೆ ಬಳಸಿತು. ಅದರ ಹಿಂಬದಿಯ ಭಾಗವೇ ಗಾಳಿ ತುಂಬುವ ಪಾತ್ರೆ. ಇಪ್ಪತ್ತಕ್ಕೂ ಹೆಚ್ಚು ಗುಂಡುಗಳನ್ನು ಒಂದರ ಹಿಂದೊಂದರಂತೆ ಹಾರಿಸಬಹುದಿತ್ತು. ಹೊಗೆಯಿಲ್ಲ, ಮಳೆಗೆ ಮದ್ದು ನೆನೆಯುವ ಭಯವಿಲ್ಲ. ಆದರೆ ಪಾತ್ರೆ ತುಂಬಲು ಸೈನಿಕ ಸಾವಿರಕ್ಕೂ ಹೆಚ್ಚು ಸಲ ಪಂಪು ಒತ್ತಬೇಕಿತ್ತು. ಸೂಕ್ಷ್ಮವಾದ ಬೆಸುಗೆ, ಚರ್ಮದ ಬಿರಡೆಗಳು ದಂಡಯಾತ್ರೆಯ ಒರಟುತನವನ್ನು ತಾಳಲಿಲ್ಲ. 1803ರಲ್ಲಿ ಅಮೆರಿಕದ ಪಶ್ಚಿಮಕ್ಕೆ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ತಂಡವೂ ಒಂದು ಗಾಳಿಬಂದೂಕನ್ನು ಒಯ್ದಿತ್ತು. ದಾರಿಯಲ್ಲಿ ಸಿಕ್ಕ ಮೂಲನಿವಾಸಿಗಳ ಮುಂದೆ ಅದನ್ನು ಪ್ರದರ್ಶಿಸುತ್ತಿತ್ತು. ಮುಂದೆ ಸಿಡಿಮದ್ದಿನ ಬಂದೂಕುಗಳು ಸುಧಾರಿಸಿದಂತೆ ಗಾಳಿಬಂದೂಕು ಸೈನ್ಯದಿಂದ ಮನೆಯ ಅಂಗಳಕ್ಕೆ, ಜಾತ್ರೆಯ ಬಲೂನ್ ಅಂಗಡಿಗೆ ಬಂದು ಸೇರಿತು.

ಸೋತ ದೇಶದ ಕುಶಲಕರ್ಮಿಗಳು

ಅದನ್ನು ನಿಖರವಾದ ಕ್ರೀಡಾ ಸಾಧನವನ್ನಾಗಿ ಮಾಡಿದ್ದು ಎರಡನೆಯ ಮಹಾಯುದ್ಧದ ನಂತರದ ಜರ್ಮನಿ. 1945ರಲ್ಲಿ ಸೋತ ಜರ್ಮನಿಯಲ್ಲಿ ಬಂದೂಕು ತಯಾರಿಕೆಗೆ ನಿಷೇಧ ಬಿತ್ತು. ಕೆಲಸ ಕಳೆದುಕೊಂಡ ಕುಶಲಕರ್ಮಿಗಳು ಲೆಕ್ಕದ ಯಂತ್ರ, ಎಣಿಕೆಯ ಗಡಿಯಾರಗಳನ್ನು ಮಾಡತೊಡಗಿದರು. ಮೌಸರ್ ಕಾರ್ಖಾನೆಯಲ್ಲಿ ದುಡಿದಿದ್ದ ಕಾರ್ಲ್ ವೆಸ್ಟಿಂಗರ್ ಮತ್ತು ಅರ್ನ್‌ಸ್ಟ್ ಆಲ್ಟೆನ್‌ಬರ್ಗರ್ ಓಬರ್ನ್‌ಡಾರ್ಫ್ ಊರಿನಲ್ಲಿ ಫೈನ್‌ವೆರ್ಕ್‌ಬೌ ಸಂಸ್ಥೆಯನ್ನು ಕಟ್ಟಿದ್ದು ಈ ಕಾಲದಲ್ಲೇ. ಉಲ್ಮ್ ನಗರಕ್ಕೆ ಬಂದು ನೆಲೆಸಿದ ವಾಲ್ಟರ್ ಸಂಸ್ಥೆ 1950ರ ದಶಕದ ಆರಂಭದಲ್ಲಿ ಗಾಳಿ ಆಯುಧಗಳನ್ನು ತಯಾರಿಸತೊಡಗಿತು.

ವಾಲ್ಟರ್‌ನ ಎಲ್‌ಪಿ 53 ಎಂಬ ಪಿಸ್ತೂಲನ್ನು ನೀವೂ ನೋಡಿರಬಹುದು. ಜೇಮ್ಸ್ ಬಾಂಡ್ ವೇಷದಲ್ಲಿ ನಟ ಶಾನ್ ಕಾನರಿ ಉದ್ದನೆಯ ನಳಿಗೆಯ ಪಿಸ್ತೂಲನ್ನು ಎದೆಗಾನಿಸಿ ನಿಂತಿರುವ 1960ರ ದಶಕದ ಪ್ರಸಿದ್ಧ ಭಿತ್ತಿಚಿತ್ರದಲ್ಲಿರುವುದು ಅದೇ. ಚಿತ್ರ ತೆಗೆಯುವ ದಿನ ಸಿನಿಮಾದ ಪಿಸ್ತೂಲು ಬಂದಿರಲಿಲ್ಲ; ಛಾಯಾಗ್ರಾಹಕ ಡೇವಿಡ್ ಹರ್ನ್ ಬಳಿ ಇದ್ದ ಗಾಳಿಪಿಸ್ತೂಲೇ ಆ ಹೊತ್ತಿಗೆ ಒದಗಿತು.

ಒದೆತವನ್ನು ತಡೆದ ನಾಲ್ಕು ಹೆಜ್ಜೆಗಳು

ಎಲ್‌ಪಿ 53ರಂಥ ಪಿಸ್ತೂಲುಗಳಲ್ಲಿ ಬಲವಾದ ಸ್ಪ್ರಿಂಗೊಂದು ಕೊಂತವನ್ನು ಮುಂದಕ್ಕೆ ನೂಕುತ್ತಿತ್ತು. ಕೊಂತ ಮುಂದೆ ಹಾರಿದಾಗ, ನ್ಯೂಟನ್ನನ ಮೂರನೆಯ ನಿಯಮದಂತೆ ಪಿಸ್ತೂಲು ಹಿಂದಕ್ಕೆ ಒದೆಯುತ್ತದೆ. ಕೊಂತ ಕೊನೆ ಮುಟ್ಟಿದಾಗ ಮತ್ತೆ ಮುಂದಕ್ಕೆ ಜಗ್ಗುತ್ತದೆ. ಇಷ್ಟೆಲ್ಲ ಆಗುವಾಗ ಗುಂಡು ಇನ್ನೂ ನಳಿಗೆಯೊಳಗೇ ಇರುತ್ತದೆ. ಅಂದರೆ ಗುರಿ ಕೆಡುವುದು ಗುಂಡು ಹೊರಬರುವ ಮುನ್ನವೇ.

1965ರಲ್ಲಿ ಬಂದ ಫೈನ್‌ವೆರ್ಕ್‌ಬೌ 65 ಇದಕ್ಕೆ ಸರಳ ಪರಿಹಾರ ಕಂಡುಕೊಂಡಿತು. ಕುದುರೆ ಎಳೆದಾಗ ನಳಿಗೆ ಮತ್ತು ಸ್ಪ್ರಿಂಗಿನ ಭಾಗವೆಲ್ಲ ಹಿಡಿಕೆಯಿಂದ ಬಿಡುಗಡೆಯಾಗಿ, ಪುಟ್ಟ ಹಳಿಗಳ ಮೇಲೆ ಹಿಂದಕ್ಕೆ ಜಾರುತ್ತದೆ. ಒದೆತ ಇದ್ದೇ ಇದೆ, ಆದರೆ ಅದು ಕೈಗೆ ತಟ್ಟುವುದಿಲ್ಲ. ಇದು ಮೊದಲ ಹೆಜ್ಜೆ.

ಎರಡನೆಯದರಲ್ಲಿ ಸ್ಪ್ರಿಂಗನ್ನೇ ತೆಗೆದುಹಾಕಿದರು. ಗುಂಡು ಹಾರಿಸುವ ಮುನ್ನ ಒಂದು ಸನ್ನೆಯನ್ನು ಒತ್ತಿ ಗಾಳಿಯನ್ನು ಮೊದಲೇ ಅಮುಕಿಟ್ಟರೆ, ಹಾರಿಸುವಾಗ ತೆರೆಯಬೇಕಾದದ್ದು ಒಂದು ಕವಾಟ ಮಾತ್ರ. ಆದರೆ ಪ್ರತಿಸಲವೂ ಬಲವಾಗಿ ಒತ್ತಬೇಕು. ಅರವತ್ತು ಸಲ ಒತ್ತಿದ ಕೈಯೇ ಅಲುಗಾಡದೆ ಗುರಿಯನ್ನೂ ಹಿಡಿಯಬೇಕು!

ಮೂರನೆಯದು 1980ರ ದಶಕದಲ್ಲಿ ಹರಡಿದ ಇಂಗಾಲದ ಡೈಆಕ್ಸೈಡ್. ಪುಟ್ಟ ಸಿಲಿಂಡರಿನಲ್ಲಿ ದ್ರವರೂಪದಲ್ಲಿ ಅದನ್ನು ತುಂಬಿಟ್ಟರೆ ದಣಿವಿನ ಮಾತೇ ಇಲ್ಲ. ಆದರೆ ರಸಾಯನಶಾಸ್ತ್ರ ಓದಿದವರು ತೊಡಕನ್ನು ಊಹಿಸಬಲ್ಲರು. ದ್ರವದ ಮೇಲಿನ ಆವಿಯ ಒತ್ತಡ ಉಷ್ಣತೆಯನ್ನು ಅವಲಂಬಿಸಿದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 57 ಬಾರ್ ಇರುವ ಒತ್ತಡ, 30 ಡಿಗ್ರಿಯಲ್ಲಿ ಸುಮಾರು 72ಕ್ಕೆ ಏರುತ್ತದೆ. ಬೆಳಗಿನ ತಂಪಿನಲ್ಲಿ ಹೊಂದಿಸಿದ ಗುರಿ ಮಧ್ಯಾಹ್ನದ ಬಿಸಿಗೆ ತಪ್ಪಬಹುದು.

ನಾಲ್ಕನೆಯ ಹೆಜ್ಜೆಯಲ್ಲಿ, 1990ರ ದಶಕದಲ್ಲಿ, ತಯಾರಕರು ಮತ್ತೆ ಸಾದಾ ಗಾಳಿಗೇ ಮರಳಿದರು. ಸುಮಾರು 200 ಬಾರ್ ಒತ್ತಡದ ಗಾಳಿಯನ್ನು ಸಿಲಿಂಡರಿಗೆ ಮೊದಲೇ ತುಂಬುತ್ತಾರೆ. ಸಿಲಿಂಡರು ಖಾಲಿಯಾಗುತ್ತ ಬಂದರೂ ಒಂದು ನಿಯಂತ್ರಕವು ಪ್ರತಿ ಗುಂಡಿಗೂ ಒಂದೇ ಅಳತೆಯ ಒತ್ತಡವನ್ನು ಕೊಡುತ್ತದೆ. ಇಂದಿನ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಕಾಣುವುದು ಈ ಬಗೆಯ ಪಿಸ್ತೂಲು. ಅರ್ಧ ಗ್ರಾಂ ತೂಕದ, 4.5 ಮಿ.ಮೀ. ಅಗಲದ ಸೀಸದ ಗುಂಡು ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೊರಡುತ್ತದೆ. ಗುರಿ ಮುಟ್ಟಲು ಅದಕ್ಕೆ ಸೆಕೆಂಡಿನ ನೂರರಲ್ಲಿ ಏಳು ಭಾಗ ಸಾಕು. ಅಷ್ಟರಲ್ಲೇ ಗುರುತ್ವ ಅದನ್ನು ಎರಡು ಸೆಂಟಿಮೀಟರಿನಷ್ಟು ಕೆಳಕ್ಕೆ ಎಳೆದಿರುತ್ತದೆ! ನೀವೇ ಲೆಕ್ಕ ಹಾಕಿ ನೋಡಿ. ಸೈಟನ್ನು ಹೊಂದಿಸುವಾಗ ಈ ಕುಸಿತವನ್ನು ಸರಿದೂಗಿಸಿರುತ್ತಾರೆ.

ನಿಯಮಗಳು ಮುಚ್ಚಿದ ಬಾಗಿಲುಗಳು

ಯಂತ್ರ ಇಷ್ಟು ಸುಧಾರಿಸಿದರೆ ಸ್ಪರ್ಧೆಯಲ್ಲಿ ಮನುಷ್ಯನಿಗೇನು ಕೆಲಸ? ಈ ಅಪಾಯವನ್ನು ತಡೆಯಲೆಂದೇ ನಿಯಮಗಳಿವೆ. ಭಾರವಾದ ಪಿಸ್ತೂಲು ಕಡಿಮೆ ಅಲುಗುತ್ತದೆ. ಆದ್ದರಿಂದ ತೂಕ 1,500 ಗ್ರಾಂ ಮೀರಬಾರದು. ಕುದುರೆ ಹಗುರವಾದಷ್ಟೂ ಕೈ ಕದಲದು. ಆದ್ದರಿಂದ ಅದನ್ನು ಎಳೆಯಲು ಕನಿಷ್ಠ 500 ಗ್ರಾಂ ಬಲ ಬೇಕು. ಉದ್ದನೆಯ ಪಿಸ್ತೂಲಿನಲ್ಲಿ ಗುರಿ ಹಿಡಿಯುವುದು ಸುಲಭ. ಆದ್ದರಿಂದ ಇಡೀ ಪಿಸ್ತೂಲು 420 ಮಿ.ಮೀ. ಉದ್ದ, 200 ಮಿ.ಮೀ. ಎತ್ತರ, 50 ಮಿ.ಮೀ. ಅಗಲದ ಪೆಟ್ಟಿಗೆಯೊಳಗೆ ಹಿಡಿಸಬೇಕು. ದೂರದರ್ಶಕದ ಸೈಟ್ ಕೂಡದು. ಮಣಿಕಟ್ಟಿಗೆ ಯಾವ ಆಧಾರವೂ ಇರಬಾರದು. ಕೈ ಒಂದೇ. ಯಂತ್ರಕ್ಕೆ ಹೀಗೆ ಬಾಗಿಲು ಹಾಕಿದ ಮೇಲೆ ಉಳಿಯುವುದು ಕಣ್ಣು, ಬೆರಳು, ಉಸಿರು ಮತ್ತು ಎದೆಬಡಿತ.

ಕಣ್ಣಿನ ಲೆಕ್ಕ

ಒಂದು ಪ್ರಯೋಗ ಮಾಡಿ. ತೋಳು ಚಾಚಿ ಹೆಬ್ಬೆರಳನ್ನು ಮೇಲೆತ್ತಿ, ದೂರದ ಒಂದು ಮರದ ನೇರಕ್ಕೆ ಹಿಡಿಯಿರಿ. ಬೆರಳನ್ನು ಸ್ಪಷ್ಟವಾಗಿ ನೋಡಿದರೆ ಮರ ಮಸುಕಾಗುತ್ತದೆ. ಮರವನ್ನು ನೋಡಿದರೆ ಬೆರಳು ಮಸುಕಾಗುತ್ತದೆ. ಎರಡನ್ನೂ ಒಟ್ಟಿಗೆ ಸ್ಪಷ್ಟವಾಗಿ ಕಾಣಲು ಕಣ್ಣಿಗೆ ಆಗದು. ಪಿಸ್ತೂಲಿನಲ್ಲಿ ಹಿಂದಿನ ಸೈಟಿನ ಕಚ್ಚು, ಮುಂದಿನ ಸೈಟಿನ ಕಂಬ, ಗುರಿಹಲಗೆ ಎಂದು ಮೂರು ವಸ್ತುಗಳಿವೆ. ಯಾವುದನ್ನು ನೋಡಬೇಕು?

ಹೊಸಬರು ಗುರಿಯನ್ನು ನೋಡುತ್ತಾರೆ. ತರಬೇತುದಾರರು ಮುಂದಿನ ಸೈಟನ್ನು ನೋಡು ಎನ್ನುತ್ತಾರೆ. ಕಾರಣ ರೇಖಾಗಣಿತದಲ್ಲಿದೆ. ಎರಡು ಸೈಟುಗಳ ನಡುವಿನ ಅಂತರ 32 ಸೆಂ.ಮೀ. ಎಂದಿಟ್ಟುಕೊಳ್ಳಿ. ಹತ್ತು ಮೀಟರ್ ಅದರ ಮೂವತ್ತೊಂದು ಪಟ್ಟು. ಮುಂದಿನ ಸೈಟು ಕಚ್ಚಿನ ನಡುವಿನಿಂದ ಒಂದು ಮಿಲಿಮೀಟರ್ ಸರಿದರೆ ಗುಂಡು 31 ಮಿ.ಮೀ. ಪಕ್ಕಕ್ಕೆ ಬೀಳುತ್ತದೆ, ಹತ್ತರ ಬದಲು ಏಳು. ಆದರೆ ಸೈಟುಗಳೆರಡೂ ನೇರವಾಗಿದ್ದು ಇಡೀ ಕೈಯೇ ಐದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ, ಗುಂಡು ಸರಿಯುವುದೂ ಐದೇ ಮಿಲಿಮೀಟರ್. ಗುಂಡಿನ ಅಂಚು ಗೆರೆ ಮುಟ್ಟಿದರೂ ಹೆಚ್ಚಿನ ಅಂಕವೇ ಸಿಗುವುದರಿಂದ ಅದು ಹತ್ತೇ. ಕೈ ನಡುಗುವುದನ್ನು ಯಾರೂ ಪೂರ್ತಿ ನಿಲ್ಲಿಸಲಾರರು. ನಡುಗುವ ಕೈಯಲ್ಲೂ ಸೈಟುಗಳನ್ನು ನೇರವಾಗಿಡಬಹುದು. ಗುರಿಯ ಕರಿವೃತ್ತ ಮಸುಕಾಗಿಯೇ ಇರಲಿ. ಅದರ ಕೆಳಗಿನ ಬಿಳಿ ಜಾಗದಲ್ಲಿ ಮುಂದಿನ ಸೈಟು ನಿಂತರೆ ಸಾಕು.

ದೇಹದ ಪಾಠ

ಸ್ಪರ್ಧಿ ಗುರಿಗೆ ಪಕ್ಕ ತಿರುಗಿ, ತಲೆಯನ್ನು ಮಾತ್ರ ಹೊರಳಿಸಿ ನಿಲ್ಲುತ್ತಾನೆ. ಮತ್ತೊಂದು ಕೈಯನ್ನು ಜೇಬಿಗೋ ಸೊಂಟಪಟ್ಟಿಗೋ ಸೇರಿಸುವುದು ಠೀವಿಗಾಗಿ ಅಲ್ಲ. ತೂಗಾಡುವ ಕೈ ಮೈಯನ್ನು ಅಲುಗಿಸುತ್ತದೆ. ಕಣ್ಣು ಮುಚ್ಚಿ ತೋಳೆತ್ತಿ, ಮತ್ತೆ ಕಣ್ಣು ತೆರೆದಾಗ ಪಿಸ್ತೂಲು ಗುರಿಯ ನೇರಕ್ಕಿರಬೇಕು. ಇಲ್ಲದಿದ್ದರೆ ಬದಲಾಯಿಸಬೇಕಾದದ್ದು ಪಾದಗಳನ್ನು, ಕೈಯನ್ನಲ್ಲ. ಉಸಿರನ್ನು ಅರ್ಧ ಬಿಟ್ಟು ಕೆಲವು ಸೆಕೆಂಡು ತಡೆಯುತ್ತಾರೆ. ಕುದುರೆಯನ್ನು ಜಗ್ಗುವುದಿಲ್ಲ, ಒತ್ತಡವನ್ನು ನಿಧಾನವಾಗಿ ಏರಿಸುತ್ತಾರೆ. ಗುಂಡು ಹಾರಿದ ಮೇಲೂ ಒಂದೆರಡು ಸೆಕೆಂಡು ಹಾಗೆಯೇ ನಿಲ್ಲುತ್ತಾರೆ. ಹತ್ತು ಸೆಕೆಂಡಿನೊಳಗೆ ಗುಂಡು ಹಾರದಿದ್ದರೆ ತೋಳಿಳಿಸಿ ಮತ್ತೆ ಮೊದಲಿನಿಂದ ಆರಂಭಿಸುವುದೇ ಜಾಣತನ.

ಎದೆಬಡಿತವೂ ಕೈಯನ್ನು ಕದಲಿಸುತ್ತದೆ. ಅದನ್ನು ಔಷಧಿಯಿಂದ ತಗ್ಗಿಸಿದರೆ? 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಕಿಮ್ ಜೊಂಗ್ ಸು ಗಾಳಿಪಿಸ್ತೂಲಿನಲ್ಲಿ ಕಂಚು, 50 ಮೀಟರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು. ಪರೀಕ್ಷೆಯಲ್ಲಿ ಪ್ರೊಪ್ರನೊಲಾಲ್ ಪತ್ತೆಯಾಯಿತು. ಹೃದ್ರೋಗಿಗಳಿಗೆ ಕೊಡುವ, ಎದೆಬಡಿತ ಇಳಿಸುವ ಔಷಧಿ ಅದು. ಎರಡೂ ಪದಕಗಳನ್ನು ಹಿಂದಕ್ಕೆ ಪಡೆಯಲಾಯಿತು. ಓಟಗಾರರಿಗೆ ವೇಗ ಹೆಚ್ಚಿಸುವ ಮದ್ದು ನಿಷಿದ್ಧವಾದರೆ, ಇಲ್ಲಿ ಶಾಂತಗೊಳಿಸುವ ಮದ್ದು ನಿಷಿದ್ಧ. ಶಾಂತಿಯನ್ನು ಅಭ್ಯಾಸದಿಂದಲೇ ಗಳಿಸಬೇಕು.

ಒಲಿಂಪಿಕ್ಸ್ ಮತ್ತು ನಾವು

ಗಾಳಿಪಿಸ್ತೂಲು ವಿಶ್ವ ಚಾಂಪಿಯನ್‌ಷಿಪ್ ಸೇರಿದ್ದು 1970ರಲ್ಲಿ. ಒಲಿಂಪಿಕ್ಸ್ ಸೇರಿದ್ದು 1988ರಲ್ಲಿ, ಸಿಯೋಲ್‌ನಲ್ಲಿ. ಅಲ್ಲಿ ಬಲ್ಗೇರಿಯಾದ ತಾನ್ಯು ಕಿರ್ಯಾಕೊವ್ ಮತ್ತು ಯುಗೊಸ್ಲಾವಿಯಾದ ಯಾಸ್ನಾ ಶೆಕಾರಿಚ್ ಮೊದಲ ಚಿನ್ನ ಗೆದ್ದರು. ಮಹಿಳೆಯರಿಗೆ ಬಹುಕಾಲ 40 ಗುಂಡುಗಳ ಸ್ಪರ್ಧೆಯಿತ್ತು. 2018ರಿಂದ ಇಬ್ಬರಿಗೂ ಸಮಾನವಾಗಿ 60.

ಕರ್ನಾಟಕದ ಹೆಸರೂ ಈ ಕಥೆಯಲ್ಲಿದೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರಲ್ಲಿ ಕೊರಿಯಾದ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಗಾಳಿಪಿಸ್ತೂಲಿನ ಕಂಚು ಗೆದ್ದರು. ಅದೇ ವರ್ಷ ಸ್ಪೇನಿನಲ್ಲಿ ಅವರ ಮುಖದ ಒಂದು ಭಾಗ ಪಾರ್ಶ್ವವಾಯುವಿಗೆ ತುತ್ತಾಯಿತು. ಕಣ್ಣೇ ಬಂಡವಾಳವಾದ ಆಟದಲ್ಲಿ ಇದು ಎಂಥ ಪೆಟ್ಟು ಎಂದು ಯೋಚಿಸಿ. ಅವರು ಮರಳಿ ಬಂದು 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಗಾಳಿಪಿಸ್ತೂಲಿನ ಬೆಳ್ಳಿ ಗೆದ್ದರು. ಬೆಂಗಳೂರಿನವರೇ ಆದ ಟಿ. ಎಸ್. ದಿವ್ಯಾ 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ತಂಡದ ಬೆಳ್ಳಿಯನ್ನೂ, ಸರಬ್ಜೋತ್ ಸಿಂಗ್ ಜೊತೆಗೂಡಿ ಮಿಶ್ರ ಜೋಡಿಯ ಬೆಳ್ಳಿಯನ್ನೂ ಪಡೆದರು.

ಯಂತ್ರ ಮತ್ತು ಮನುಷ್ಯ ಎಂಬ ನಮ್ಮ ಮೊದಲ ಪ್ರಶ್ನೆಗೆ ಮನು ಭಾಕರ್ ಅವರ ಎರಡು ಒಲಿಂಪಿಕ್ಸ್‌ಗಳನ್ನು ನೋಡಿ. 2021ರಲ್ಲಿ ಟೋಕಿಯೊದಲ್ಲಿ ಅರ್ಹತಾ ಸುತ್ತಿನ ನಡುವೆ ಅವರ ಪಿಸ್ತೂಲು ಕೆಟ್ಟಿತು. ರಿಪೇರಿಯಲ್ಲಿ ಅಮೂಲ್ಯ ನಿಮಿಷಗಳು ಕಳೆದವು. 600ಕ್ಕೆ 575 ಗಳಿಸಿದರೂ ಹನ್ನೆರಡನೆಯ ಸ್ಥಾನ; ಫೈನಲ್ ತಪ್ಪಿತು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವರು 221.7 ಅಂಕಗಳೊಂದಿಗೆ ಕಂಚು ಗೆದ್ದು, ಶೂಟಿಂಗ್‌ನಲ್ಲಿ ಒಲಿಂಪಿಕ್ ಪದಕ ಪಡೆದ ಮೊದಲ ಭಾರತೀಯ ಮಹಿಳೆಯಾದರು. ಸರಬ್ಜೋತ್ ಜೊತೆಗೆ ಮಿಶ್ರ ಜೋಡಿಯಲ್ಲೂ ಕಂಚು ಬಂದಿತು. ವೈಯಕ್ತಿಕ ಸ್ಪರ್ಧೆಯಲ್ಲಿ ಅವರು ಹಿಂದೆ ಬಿದ್ದದ್ದು 0.1 ಅಂಕದಿಂದ. ಫೈನಲ್ಲಿನಲ್ಲಿ ಒಂದು ಗುಂಡಿಗೆ 10.9ರವರೆಗೆ ಅಂಕವಿದೆ, 0.1 ಅಂದರೆ ಗುರಿಹಲಗೆಯ ಮೇಲೆ 0.8 ಮಿ.ಮೀ. ಮೂವತ್ತೊಂದರಿಂದ ಭಾಗಿಸಿದರೆ ಸೈಟಿನಲ್ಲಿ ಅದು ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ.

ಒಂದು ಎಚ್ಚರಿಕೆಯ ಮಾತು. ಗಾಳಿಪಿಸ್ತೂಲು ಆಟಿಕೆಯಲ್ಲ, ಕಣ್ಣನ್ನು ಕಳೆಯುವಷ್ಟು ಬಲ ಅದಕ್ಕಿದೆ. ಆಸಕ್ತಿಯಿದ್ದರೆ ಮಾನ್ಯತೆ ಪಡೆದ ಕ್ಲಬ್ಬಿಗೆ ಹೋಗಿ, ತರಬೇತುದಾರರ ಕಣ್ಗಾವಲಿನಲ್ಲೇ ಕಲಿಯಿರಿ. ಅಲ್ಲಿ ನಿಮಗೆ ಮೊದಲ ದಿನವೇ ಗುಂಡು ಕೊಡದೆ, ಖಾಲಿ ಪಿಸ್ತೂಲು ಹಿಡಿದು ಬಿಳಿ ಗೋಡೆಯ ಮುಂದೆ ನಿಲ್ಲಲು ಹೇಳಬಹುದು. ಬೇಸರಪಡಬೇಡಿ. ಒಲಿಂಪಿಕ್ ಪದಕ ಗೆದ್ದವರೂ ಆ ಅಭ್ಯಾಸವನ್ನು ಬಿಟ್ಟಿಲ್ಲ.